ಪ್ಲೇಯರ್ ಬ್ಯಾಟರಿ: ಗಂಟೆಯ ಲೆಕ್ಕ ಬೇರೆ, ವರ್ಷದ ಲೆಕ್ಕ ಬೇರೆ

(ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಅಂಗಡಿಯಲ್ಲಿ ಮ್ಯೂಸಿಕ್ ಪ್ಲೇಯರ್ ಕೈಗೆತ್ತಿಕೊಂಡು "ಬ್ಯಾಟರಿ ಎಷ್ಟು ಬರುತ್ತೆ?" ಎಂದು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿರುತ್ತೇವೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಹಾಡುತ್ತದೆ ಎಂಬುದು ಒಂದು. ಆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಇನ್ನೊಂದು. ಗಂಟೆಯ ಉತ್ತರ ಪ್ಲೇಯರ್‌ನ ಸರ್ಕ್ಯೂಟ್‌ನಲ್ಲಿದೆ. ವರ್ಷದ ಉತ್ತರ ಸೆಲ್ಲಿನ ರಸಾಯನದಲ್ಲಿದೆ, ಅದಕ್ಕಿಂತ ಹೆಚ್ಚಾಗಿ ನಾವು ಅದನ್ನು ಎಲ್ಲಿ, ಯಾವ ಸ್ಥಿತಿಯಲ್ಲಿ ಬಿಟ್ಟಿರುತ್ತೇವೆ ಎಂಬುದರಲ್ಲಿದೆ. ಗಂಟೆ ಉಳಿಸಲು ಜನ ಮಾಡುವ ಕಸರತ್ತಿನಲ್ಲಿ ಅರ್ಧಕ್ಕರ್ಧ ದಂಡ. ವರ್ಷ ಉಳಿಸಲು ಮಾಡಬೇಕಾದ ಸಣ್ಣ ಕೆಲಸವನ್ನು ಮಾತ್ರ ಹೆಚ್ಚಿನವರು ಮಾಡುವುದಿಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಒಂದು ಭಾಗಾಕಾರ

ಬ್ಯಾಟರಿಯ ಮೇಲೆ ಬರೆದಿರುವ ಎಂಎಎಚ್ (ಮಿಲಿಆಂಪ್-ಅವರ್, ಅಂದರೆ ಅದರಲ್ಲಿ ಹಿಡಿಯುವ ಚಾರ್ಜ್) ಸಂಖ್ಯೆಯನ್ನು ಪ್ಲೇಯರ್ ಎಳೆಯುವ ಮಿಲಿಆಂಪ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಇದಕ್ಕಿಂತ ದೊಡ್ಡ ಗಣಿತ ಬೇಡ. ಸ್ಯಾನ್‌ಡಿಸ್ಕ್‌ನ ಸಾನ್ಸಾ ಕ್ಲಿಪ್ ಪ್ಲಸ್ ಎಂಬ ಪುಟ್ಟ ಪ್ಲೇಯರ್ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಅಂಗಿಗೆ ಸಿಕ್ಕಿಸಿಕೊಳ್ಳುವಂಥದ್ದು. ಅದರ ಬ್ಯಾಟರಿ ಸುಮಾರು 290 ಎಂಎಎಚ್, ಕಂಪನಿ ಹೇಳಿದ್ದು 15 ಗಂಟೆ. ಭಾಗಿಸಿ ನೋಡಿ: ಸರಾಸರಿ 19 ಮಿಲಿಆಂಪ್. ಲಿಥಿಯಂ ಸೆಲ್ಲಿನ ಸರಾಸರಿ ವೋಲ್ಟೇಜ್ 3.7 ಎಂದಿಟ್ಟುಕೊಂಡರೆ ಸುಮಾರು 70 ಮಿಲಿವಾಟ್. ಚಿಪ್ಪು, ಮೆಮೊರಿ, ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಭಾಗ), ಇಯರ್‌ಫೋನ್ ಆಂಪ್ಲಿಫೈಯರ್ ಎಲ್ಲವೂ ಇಷ್ಟರಲ್ಲೇ ನಡೆಯಬೇಕು. ಈ 70 ಮಿಲಿವಾಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋಲಿಕೆಗೆ ಹಳೆಯದೊಂದನ್ನು ನೋಡೋಣ. 1979ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ವಾಕ್‌ಮನ್, ಟಿಪಿಎಸ್-ಎಲ್2, ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತಿತ್ತು. ಅದರಲ್ಲಿ ಶಕ್ತಿಯನ್ನು ತಿನ್ನುತ್ತಿದ್ದದ್ದು ಕ್ಯಾಸೆಟ್ ತಿರುಗಿಸುವ ಮೋಟರು. ಸೆಲ್ ಮುಗಿಯುತ್ತಾ ಬಂದಂತೆ ಹಾಡು ಎಳೆಯತೊಡಗುವುದು ವಾಕ್‌ಮನ್ ಕಾಲದವರಿಗೆಲ್ಲ ಗೊತ್ತು. ಮೋಟರಿನ ವೇಗವನ್ನು ಹಿಡಿದಿಡುವ ಸರ್ಕ್ಯೂಟ್‌ಗೆ ಬೇಕಾದಷ್ಟು ವೋಲ್ಟೇಜ್ ಸಿಗದಿದ್ದಾಗ ಆಗುವ ಫಲ ಅದು. ಆ ಸೆಲ್ಲನ್ನು ಎಸೆಯಬೇಕಾಗಿರಲಿಲ್ಲ, ಗೋಡೆ ಗಡಿಯಾರಕ್ಕೆ ಹಾಕಿದರೆ ಇನ್ನೂ ತಿಂಗಳುಗಟ್ಟಲೆ ನಡೆಯುತ್ತಿತ್ತು. ಸೆಲ್ "ಖಾಲಿ" ಎನ್ನುವುದು ಯಾವ ಯಂತ್ರದ ದೃಷ್ಟಿಯಲ್ಲಿ ಖಾಲಿ ಎಂಬುದರ ಮೇಲೆ ನಿಂತಿದೆ.

1998ರ ಡೈಮಂಡ್ ರಿಯೊ ಪಿಎಂಪಿ300ರಲ್ಲಿ ಮೋಟರೇ ಇರಲಿಲ್ಲ. 32 ಎಂಬಿ ಮೆಮೊರಿ, ಒಂದೇ ಪೆನ್ಸಿಲ್ ಸೆಲ್, 8ರಿಂದ 12 ಗಂಟೆ. ಇಂಥ ಒಂದು ಸೆಲ್ಲಿನ ಪ್ಲೇಯರ್‌ಗಳಲ್ಲಿ 1.5 ವೋಲ್ಟನ್ನು 3 ವೋಲ್ಟಿನ ಆಸುಪಾಸಿಗೆ ಏರಿಸುವ ಬೂಸ್ಟ್ ಸರ್ಕ್ಯೂಟ್ ಇರುತ್ತದೆ. ಸೆಲ್ಲಿನ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಒಳಗೆ 100 ಮಿಲಿವಾಟ್ ಬೇಕು, ಸರ್ಕ್ಯೂಟಿನ ದಕ್ಷತೆ ಶೇ 85 ಎಂದುಕೊಳ್ಳಿ. ಹೊಸ ಸೆಲ್ಲಿನಿಂದ 78 ಮಿಲಿಆಂಪ್ ಎಳೆದರೆ ಸಾಕು, 1 ವೋಲ್ಟಿಗೆ ಇಳಿದ ಸೆಲ್ಲಿನಿಂದ 118 ಎಳೆಯಬೇಕು. ಹಾಗಾಗಿ ಕೊನೆಯ ಕಾಲುಭಾಗ ಬೇಗ ಕರಗುತ್ತದೆ. ಇಂಥ ಪ್ಲೇಯರ್ ಇನ್ನೂ ಬಳಸುವವರು ಮೆನುವಿನಲ್ಲಿ ಸೆಲ್ಲಿನ ಬಗೆ ಆರಿಸುವ ಆಯ್ಕೆ ಇದೆಯೇ ನೋಡಿ. ರೀಚಾರ್ಜ್ ಮಾಡುವ ನಿಕಲ್ ಸೆಲ್ಲಿನ ವೋಲ್ಟೇಜ್ 1.2. ಆಲ್ಕಲೈನ್ ಎಂದು ತಿಳಿದುಕೊಂಡ ಪ್ಲೇಯರ್, ಪೂರ್ತಿ ಚಾರ್ಜ್ ಆದ ನಿಕಲ್ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ.

ಡಿಸ್ಕ್ ತಿರುಗಿದಷ್ಟೂ ಗಂಟೆ ಕಡಿಮೆ

2001ರ ಅಕ್ಟೋಬರ್‌ನಲ್ಲಿ ಆಪಲ್ ತೋರಿಸಿದ ಮೊದಲ ಐಪಾಡ್‌ನಲ್ಲಿ 5 ಜಿಬಿಯ 1.8 ಇಂಚಿನ ಹಾರ್ಡ್ ಡಿಸ್ಕ್ ಇತ್ತು, ಅಂದರೆ ಮತ್ತೆ ಮೋಟರು ಬಂತು. ಆದರೂ 10 ಗಂಟೆ ಹೇಗೆ ಸಾಧ್ಯವಾಯಿತು? 32 ಎಂಬಿ ಮೆಮೊರಿಯಿಂದ. ಡಿಸ್ಕ್ ಒಮ್ಮೆ ಎದ್ದು, ಮುಂದಿನ ಹಾಡುಗಳನ್ನು ಆ ಮೆಮೊರಿಗೆ ಸುರಿದು, ಮತ್ತೆ ಮಲಗುತ್ತಿತ್ತು. ಆಪಲ್ ಅದನ್ನು "20 ನಿಮಿಷ ಕುಲುಕಿದರೂ ಹಾಡು ತಪ್ಪದು" ಎಂಬ ರೀತಿಯಲ್ಲಿ ಹೇಳಿಕೊಂಡಿತು. ನನ್ನ ಪ್ರಕಾರ ಅದರ ನಿಜವಾದ ಕೆಲಸ ಬ್ಯಾಟರಿ ಉಳಿಸುವುದು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ, ಏಕೆಂದರೆ ಹಳೆಯ ಐಪಾಡ್ ಕ್ಲಾಸಿಕ್ ಅಥವಾ ವಿಡಿಯೋ ಮಾದರಿಯನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರ ದೂರು ಒಂದೇ: "ಮೊದಲಿನಷ್ಟು ಬರಲ್ಲ." ಬ್ಯಾಟರಿ ಹಳತಾಗಿರುವುದು ಹೌದು, ಅದರ ಜೊತೆ ಅವರು ತುಂಬಿರುವ ಫೈಲುಗಳೂ ಬದಲಾಗಿವೆ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಮೆಮೊರಿಯಲ್ಲಿ ಹಾಡಿಗೆಂದು 28 ಎಂಬಿ ಸಿಕ್ಕರೆ ಡಿಸ್ಕ್ ಸುಮಾರು ಅರ್ಧ ಗಂಟೆಗೊಮ್ಮೆ ಏಳುತ್ತದೆ. 900 ಕೆಬಿಪಿಎಸ್‌ನ ಲಾಸ್‌ಲೆಸ್ (ಏನೂ ನಷ್ಟವಾಗದಂತೆ ಒತ್ತಿದ) ಫೈಲ್ ನಿಮಿಷಕ್ಕೆ ಸುಮಾರು 6.75 ಎಂಬಿ, ಆಗ ನಾಲ್ಕೇ ನಿಮಿಷಕ್ಕೆ ಮೆಮೊರಿ ಬರಿದು. ಅದೇ ಬ್ಯಾಟರಿ, ಅದೇ ಹಾಡು, ಡಿಸ್ಕ್ ಏಳುವುದು ಏಳು ಪಟ್ಟು. ಇದರ ಮೇಲೆ ಅರ್ಧ ಹಾಡು ಕೇಳಿ "ನೆಕ್ಸ್ಟ್" ಒತ್ತುವ ಚಾಳಿ ಇದ್ದರೆ ಮುಂಚೆ ಓದಿಟ್ಟಿದ್ದೆಲ್ಲ ವ್ಯರ್ಥ. ಹಾಡಿನ ಫೈಲುಗಳು 9 ಎಂಬಿಗಿಂತ ಚಿಕ್ಕದಿರಲಿ ಎಂದು ಆಪಲ್ ಸಲಹೆ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಡಿಸ್ಕ್ ತೆಗೆದು, ಅಡಾಪ್ಟರ್ ಬೋರ್ಡ್ ಹಾಕಿ, ಎಸ್‌ಡಿ ಕಾರ್ಡ್ ಕೂರಿಸುವ ಮಾರ್ಪಾಡು ಈಗ ಜನಪ್ರಿಯ. ಅದರಿಂದ ಲಾಭ ಎರಡು: ಮೋಟರು ಹೋಗುತ್ತದೆ, ಡಿಸ್ಕ್ ಇದ್ದ ಜಾಗದಲ್ಲಿ ದಪ್ಪ ಬ್ಯಾಟರಿ ಹಿಡಿಸುತ್ತದೆ. ಬ್ಯಾಟರಿಯ ಗಾತ್ರ ಎಷ್ಟು ಮುಖ್ಯ ಎಂಬುದಕ್ಕೆ ಆಪಲ್‌ನದೇ ಉದಾಹರಣೆ: 2005ರ ಐದನೇ ತಲೆಮಾರಿನ ಐಪಾಡ್‌ನಲ್ಲಿ ತೆಳು ಬೆನ್ನಿನ 30 ಜಿಬಿಗೆ 14 ಗಂಟೆ, ದಪ್ಪ ಬೆನ್ನಿನ 60 ಜಿಬಿಗೆ 20 ಗಂಟೆ.

ಮೆಮೊರಿ ಪ್ಲೇಯರ್‌ಗಳಲ್ಲಿ ಈ ತಲೆನೋವು ಇಲ್ಲ. ಸೋನಿಯ ಎನ್‌ಡಬ್ಲ್ಯು-ಎ306ಕ್ಕೆ ಕಂಪನಿ ಕೊಟ್ಟ ಅಂಕಿ 44.1 ಕಿಲೋಹರ್ಟ್ಸ್ ಫ್ಲ್ಯಾಕ್‌ಗೆ (ಇದೂ ಒಂದು ಲಾಸ್‌ಲೆಸ್ ಬಗೆ) 36 ಗಂಟೆ, 96 ಕಿಲೋಹರ್ಟ್ಸ್‌ಗೆ 32. ಎರಡು ಪಟ್ಟು ದೊಡ್ಡ ಫೈಲಿಗೆ ಕಳೆದುಕೊಳ್ಳುವುದು ನಾಲ್ಕು ಗಂಟೆ, ಅಷ್ಟೆ. ಫ್ಲ್ಯಾಕ್ ಬಿಡಿಸುವುದು ಚಿಪ್ಪಿಗೆ ಹಗುರ ಕೆಲಸ. ಮಂಕೀಸ್ ಆಡಿಯೋ ಎಂಬ ಇನ್ನೊಂದು ಲಾಸ್‌ಲೆಸ್ ಬಗೆಯ ಅತಿ ಹೆಚ್ಚು ಒತ್ತಿದ ಫೈಲುಗಳು ಮಾತ್ರ ಚಿಪ್ಪನ್ನು ನಿಜವಾಗಿ ದುಡಿಸುತ್ತವೆ. ಅವನ್ನು ಫ್ಲ್ಯಾಕ್‌ಗೆ ಬದಲಿಸಿಕೊಳ್ಳಿ, ಒಂದು ಬಿಟ್ ಕೂಡ ನಷ್ಟವಾಗುವುದಿಲ್ಲ.

ವಾಲ್ಯೂಮ್ ಇಳಿಸಿದರೆ ಬ್ಯಾಟರಿ ಉಳಿಯುತ್ತದೆಯೇ?

ಇಯರ್‌ಫೋನ್ ಹಾಕಿದ್ದರೆ ಹೆಚ್ಚುಕಡಿಮೆ ಇಲ್ಲ. ಸ್ಪೀಕರ್ ಆದರೆ ಖಂಡಿತ ಹೌದು.

ಸಾಮಾನ್ಯ ಇಯರ್‌ಫೋನ್ 1 ಮಿಲಿವಾಟ್ ಕೊಟ್ಟರೆ 100 ಡೆಸಿಬೆಲ್ ಆಸುಪಾಸು ಸದ್ದು ಮಾಡುತ್ತದೆ. ಅಷ್ಟು ಜೋರಾಗಿ ಕೇಳುತ್ತಾ ಕೂತರೆ ಬ್ಯಾಟರಿಗಿಂತ ಮೊದಲು ಕಿವಿ ಹೋಗುತ್ತದೆ. 80 ಡೆಸಿಬೆಲ್‌ನಲ್ಲಿ ಕೇಳಲು ಬೇಕಾಗುವುದು 0.01 ಮಿಲಿವಾಟ್. ಆಗಲೇ ಹೇಳಿದ 70 ಮಿಲಿವಾಟ್ ಎದುರು ಇದನ್ನಿಟ್ಟು ನೋಡಿ, ಲೆಕ್ಕಕ್ಕೇ ಬರುವುದಿಲ್ಲ. ಇಯರ್‌ಫೋನ್‌ಗೆ ಹೋಗುವ ಶಕ್ತಿಗಿಂತ, ಹಾಡು ಇರಲಿ ಬಿಡಲಿ, ಆಂಪ್ಲಿಫೈಯರ್ ಸುಮ್ಮನೆ ಎಚ್ಚರವಾಗಿರಲು ತಿನ್ನುವ ಕರೆಂಟೇ ಹೆಚ್ಚು. ದುಬಾರಿ ಹೈ-ರೆಸ್ ಪ್ಲೇಯರ್‌ಗಳಲ್ಲಿ ಎರಡೆರಡು ಡ್ಯಾಕ್ ಚಿಪ್ಪು, ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆಂದು (ಎಡ, ಬಲ ಕಿವಿಗೆ ಬೇರೆಬೇರೆ ಜೋಡಿ ತಂತಿ) ಎರಡು ಪಟ್ಟು ಆಂಪ್ಲಿಫೈಯರ್ ಇರುವುದರಿಂದ ದೊಡ್ಡ ಬ್ಯಾಟರಿಯೂ ಒಂದೇ ದಿನದಲ್ಲಿ ಮುಗಿಯುತ್ತದೆ. ನಿಮ್ಮ ಇಯರ್‌ಫೋನ್‌ಗೆ ಬ್ಯಾಲೆನ್ಸ್ಡ್ ಬೇಕಿಲ್ಲದಿದ್ದರೆ 3.5 ಎಂಎಂ ಜ್ಯಾಕ್‌ನಲ್ಲೇ ಕೇಳಿ. ಅದರ ಜೊತೆ ಆಂಪ್ಲಿಫೈಯರ್ ಎಷ್ಟು ಹಿಗ್ಗಿಸಬೇಕೆಂದು ಹೇಳುವ 'ಹೈ ಗೇನ್' ಅನ್ನು 'ಲೋ'ಗೆ ಇಳಿಸಿ. ಉಳಿತಾಯ ನಿಜವಾಗಿ ಸಿಗುವುದು ಪರದೆ ಬೇಗ ಆರುವಂತೆ ಇಟ್ಟರೆ, ಬೇಡದಾಗ ವೈಫೈ, ಬ್ಲೂಟೂತ್ ಆರಿಸಿದರೆ. ಆಂಡ್ರಾಯ್ಡ್ ಪ್ಲೇಯರ್ ಇದ್ದವರು ಅದನ್ನು ಸಿಮ್ ಇಲ್ಲದ ಫೋನ್ ಎಂದೇ ತಿಳಿದುಕೊಳ್ಳಿ. ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳು ಹಾಡಿಗಿಂತ ಹೆಚ್ಚು ತಿನ್ನಬಲ್ಲವು.

ಸ್ಪೀಕರ್ ಇರುವ ಡಬ್ಬಿಗಳ ಕಥೆ ಪೂರಾ ಬೇರೆ. ನಮ್ಮೂರುಗಳಲ್ಲಿ ಪೋರ್ಟಬಲ್ ಪ್ಲೇಯರ್ ಎಂದರೆ ಹೆಚ್ಚಾಗಿ ಇವೇ: ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಹಾಕುವ ಎಫ್‌ಎಂ ಡಬ್ಬಿ, ದೇವರ ಮನೆಯ ಮಂತ್ರದ ಪೆಟ್ಟಿಗೆ, ಹಿರಿಯರಿಗೆ ಕೊಡುವ ಸಾರೆಗಾಮಾ ಕಾರವಾನ್. ಇಲ್ಲಿ ಸ್ಪೀಕರ್‌ಗೆ ಹೋಗುವುದು ನೂರಾರು ಮಿಲಿವಾಟ್. ಸದ್ದನ್ನು 3 ಡೆಸಿಬೆಲ್ ಇಳಿಸಿದರೆ ಸ್ಪೀಕರ್‌ಗೆ ಹೋಗುವ ಶಕ್ತಿ ಅರ್ಧವಾಗುತ್ತದೆ, ಕಿವಿಗೆ ಆಗುವ ವ್ಯತ್ಯಾಸ ತೀರಾ ಸ್ವಲ್ಪ. ಡಬ್ಬಿ ಸರಾಸರಿ 200 ಮಿಲಿಆಂಪ್ ಎಳೆದರೆ 1000 ಎಂಎಎಚ್ ಬ್ಯಾಟರಿ ಐದು ಗಂಟೆ. ಬಣ್ಣಬಣ್ಣದ ಮಿಣುಕು ದೀಪಗಳಿದ್ದರೆ ಅವೂ ಇದರಲ್ಲೇ ಪಾಲು ಕೇಳುತ್ತವೆ.

ಈ ಡಬ್ಬಿಗಳ ಹಿಂಬದಿ ಮುಚ್ಚಳ ತೆಗೆದರೆ ಅನೇಕ ಕಡೆ ಕಾಣುವುದು ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ, ಅಥವಾ ಅದರ ಅನುಕರಣೆ. ಫೋನುಗಳು ಹೋದರೂ ಈ ಬ್ಯಾಟರಿಯ ಅಳತೆ ಉಳಿದುಕೊಂಡಿದೆ. 2007ರ ಆಗಸ್ಟ್‌ನಲ್ಲಿ ನೋಕಿಯಾ, ಮತ್ಸುಶಿತಾ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಬಿಸಿಯಾಗಬಹುದು ಎಂದು ಬದಲಿಸಿಕೊಡಲು ಮುಂದಾಗಿತ್ತು. ಅಷ್ಟು ಕಟ್ಟುನಿಟ್ಟಿನ ಕಾರ್ಖಾನೆಯಿಂದ ಬಂದದ್ದೇ ಹೀಗಾದರೆ, ಹೆಸರಿಲ್ಲದ ನಕಲಿಯ ಮೇಲೆ ಎಷ್ಟು ನಂಬಿಕೆ ಇಡಬೇಕೆಂದು ನೀವೇ ಯೋಚಿಸಿ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರೊಡನೆ ಐಎಸ್ 16046 ಎಂಬ ಸಂಖ್ಯೆ, "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಅರ್ಧ ಚಾರ್ಜ್ ತೋರಿಸಿ ದಿಢೀರನೆ ಆರುವುದು

ಹಳೆಯ ಪ್ಲೇಯರ್‌ಗಳ ಸಾಮಾನ್ಯ ಕಾಯಿಲೆ ಇದು. ಬಾಸ್ ಜೋರಾಗಿ ಹೊಡೆದ ಕೂಡಲೇ ಡಬ್ಬಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ತಪ್ಪು ಸೆಲ್ಲಿನ ಒಳರೋಧದ್ದು, ಅಂದರೆ ಸೆಲ್ಲಿನ ಒಳಗೇ ಕರೆಂಟಿಗೆ ಇರುವ ತಡೆಯದ್ದು. ಹೊಸ ಸೆಲ್ಲಿನಲ್ಲಿ ಅದು ಒಂದು ಓಮ್‌ನ ಸಣ್ಣ ಅಂಶ. ವಯಸ್ಸಾದಂತೆ ಏರುತ್ತಾ ಅರ್ಧ ಓಮ್ ತಲುಪಿತು ಎನ್ನಿ. ಬಾಸ್ ಹೊಡೆತಕ್ಕೆ ಒಂದು ಆಂಪ್ ಎಳೆದರೆ ಸೆಲ್ಲಿನೊಳಗೇ ಅರ್ಧ ವೋಲ್ಟ್ ಬಿದ್ದುಹೋಗುತ್ತದೆ. 3.6 ವೋಲ್ಟ್ ಇದ್ದದ್ದು ಒಂದು ಕ್ಷಣ 3.1 ಆಗುತ್ತದೆ, ಪ್ಲೇಯರ್ ಖಾಲಿಯೆಂದು ತಿಳಿದು ಆರುತ್ತದೆ. ಭಾರ ಇಳಿದ ಕೂಡಲೇ ವೋಲ್ಟೇಜ್ ಮೇಲೇರುವುದರಿಂದ ಮೀಟರ್ ಮತ್ತೆ ಅರ್ಧ ತೋರಿಸುತ್ತದೆ. ವಾಲ್ಯೂಮ್ ಇಳಿಸಿದರೆ ಇನ್ನೊಂದು ಗಂಟೆ ಓಡಬಹುದು, ಆದರೆ ಮದ್ದು ಹೊಸ ಸೆಲ್ ಒಂದೇ. ಸಾಫ್ಟ್‌ವೇರ್ ರೀಸೆಟ್ ಮಾಡಿಸಲು ದುಡ್ಡು ಕೊಡಬೇಡಿ.

ಈಗ ವರ್ಷದ ಲೆಕ್ಕ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ರಸಾಯನ ವಿಜ್ಞಾನಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರ ನೊಬೆಲ್ ಬಂತು. ಈ ಸೆಲ್ಲಿಗೆ ನಿಕಲ್-ಕ್ಯಾಡ್ಮಿಯಂ ಕಾಲದ "ನೆನಪಿನ ದೋಷ" ಇಲ್ಲ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಎಂಬ ಸಲಹೆ ಆ ಹಳೆಯ ಸೆಲ್ಲಿನದು, ಇದಕ್ಕೆ ಅನ್ವಯಿಸಿದರೆ ಹಾನಿಯೇ ಹೆಚ್ಚು.

ಇದರ ಆಯುಸ್ಸು ತಿನ್ನುವುದು ಮೂರು: ಎತ್ತರದ ವೋಲ್ಟೇಜ್, ಬಿಸಿ, ತೀರಾ ಖಾಲಿ ಸ್ಥಿತಿ. ಪೂರ್ತಿ ಚಾರ್ಜ್ ಎಂದರೆ 4.2 ವೋಲ್ಟ್. ಆ ಎತ್ತರದಲ್ಲಿ ನಿಂತಷ್ಟು ಹೊತ್ತೂ ಒಳಗಿನ ದ್ರಾವಣ ಎಲೆಕ್ಟ್ರೋಡ್ ಮೇಲೆ ಕೊಳೆಯುತ್ತಾ ಪದರ ಕಟ್ಟುತ್ತದೆ, ಬಿಸಿ ಆ ಕ್ರಿಯೆಯನ್ನು ಚುರುಕು ಮಾಡುತ್ತದೆ. ಬ್ಯಾಟರಿ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಕೊಡುವ ಸ್ಥೂಲ ಅಂಕಿ ಹೀಗಿದೆ: 25 ಡಿಗ್ರಿಯಲ್ಲಿ ಶೇ 40 ಚಾರ್ಜ್‌ನಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಸಾಮರ್ಥ್ಯ ಶೇ 96 ಉಳಿಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಶೇ 80. ಪೂರ್ತಿ ಚಾರ್ಜ್ ಮಾಡಿ 40 ಡಿಗ್ರಿಯಲ್ಲಿ ಇಟ್ಟರೆ ಶೇ 65. ರಾಯಚೂರು, ಕಲಬುರಗಿಯ ಬೇಸಿಗೆ ನೆನಪಿಸಿಕೊಳ್ಳಿ. ಅಲ್ಲಿ ಪ್ಲೇಯರನ್ನು ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟು ಹಾಡಿಸುವುದು ಎತ್ತರದ ವೋಲ್ಟೇಜ್, ಬಿಸಿ ಎಂಬ ಮೊದಲೆರಡು ತಪ್ಪುಗಳನ್ನು ಒಟ್ಟಿಗೇ ಮಾಡಿದಂತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಇನ್ನೂ ಕೆಟ್ಟದು.

ಕೆಲವು ಪ್ಲೇಯರ್‌ಗಳಲ್ಲಿ ಚಾರ್ಜನ್ನು ಶೇ 90ರ ಆಸುಪಾಸಿನಲ್ಲೇ ನಿಲ್ಲಿಸುವ ಆಯ್ಕೆ ಇರುತ್ತದೆ. ಸೋನಿಯವರು ಅದನ್ನು 'ಬ್ಯಾಟರಿ ಕೇರ್' ಎನ್ನುತ್ತಾರೆ. ಹಾಕಿಡಿ. ಗಂಟೆಯಲ್ಲಿ ಒಂದಿಷ್ಟು ಹೋಗುತ್ತದೆ, ವರ್ಷದಲ್ಲಿ ಅದಕ್ಕಿಂತ ಹೆಚ್ಚು ಬರುತ್ತದೆ.

ಆದರೆ ಪ್ಲೇಯರ್‌ಗಳು ಸಾಯುವುದು ಹೆಚ್ಚಾಗಿ ಡ್ರಾಯರ್‌ನಲ್ಲಿ. ಫೋನಿಗೆ ಹಾಡು ಬಂದ ಮೇಲೆ ಬದಿಗಿಟ್ಟ ಪ್ಲೇಯರ್ ಅಲ್ಲಿ ಶೇ 5ರಲ್ಲಿ ಮಲಗಿರುತ್ತದೆ. "ಆಫ್" ಎಂದರೆ ಅದರ ಮಟ್ಟಿಗೆ ಗಾಢ ನಿದ್ರೆ, ಬಟನ್ ಒತ್ತಿದ್ದನ್ನು ಗಮನಿಸಲು ಒಂದಿಷ್ಟು ಕರೆಂಟ್ ಬೇಕೇ ಬೇಕು. ಅದು ಬರೀ 50 ಮೈಕ್ರೋಆಂಪ್ ಆದರೂ ತಿಂಗಳಿಗೆ 36 ಎಂಎಎಚ್. ಪೂರ್ತಿ ತುಂಬಿದ 290 ಎಂಎಎಚ್ ಸೆಲ್ಲೇ ಎಂಟು ತಿಂಗಳಲ್ಲಿ ಬರಿದಾಗುತ್ತದೆ, ಶೇ 5 ಇದ್ದದ್ದು ಎರಡು ವಾರವೂ ತಾಳುವುದಿಲ್ಲ. 2.5 ವೋಲ್ಟಿನ ಸುತ್ತ ರಕ್ಷಣಾ ಸರ್ಕ್ಯೂಟ್ ಸೆಲ್ಲನ್ನು ಕಡಿದುಹಾಕುತ್ತದೆ. ಆಮೇಲೂ ಸೆಲ್ ತಾನೇ ಇಳಿಯುತ್ತಾ ಹೋಗಿ 2 ವೋಲ್ಟಿಗಿಂತ ಕೆಳಗೆ ತಿಂಗಳುಗಟ್ಟಲೆ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಆಗುವ ದಾರಿ ಮಾಡುತ್ತದೆ. ಬಳಸದ ಪ್ಲೇಯರನ್ನು ಅರ್ಧ ಚಾರ್ಜ್‌ನಲ್ಲಿ ತಂಪಾದ ಕಡೆ ಇಟ್ಟು ಮೂರು ತಿಂಗಳಿಗೊಮ್ಮೆ ಅರ್ಧಕ್ಕೆ ತಂದರೆ ಸಾಕು. ಆರಂಭದಲ್ಲಿ ಹೇಳಿದ ಆ ಸಣ್ಣ ಕೆಲಸ ಇದೇ.

ಬ್ಯಾಟರಿ ಬದಲಿಸುವಾಗ

ಮೊದಲ ಐಪಾಡ್‌ಗಳ ಬ್ಯಾಟರಿಯನ್ನು ಬಳಕೆದಾರರು ಸುಲಭವಾಗಿ ಬದಲಿಸುವಂತಿರಲಿಲ್ಲ. ಅದರ ವಿರುದ್ಧ ಅಮೆರಿಕದಲ್ಲಿ ಗದ್ದಲ ಎದ್ದು 2003ರಲ್ಲಿ ಆಪಲ್ 99 ಡಾಲರಿಗೆ ಬದಲಿಸಿಕೊಡುವ ವ್ಯವಸ್ಥೆ ಮಾಡಿತು. ಮೊಕದ್ದಮೆ 2005ರಲ್ಲಿ ರಾಜಿಯಾಯಿತು. ಐಪಾಡ್ ತಯಾರಿಕೆಗೆ 2022ರ ಮೇ ತಿಂಗಳಲ್ಲಿ ತೆರೆಬಿತ್ತು. ಈಗ ಬದಲಿಸುವುದು ನಮ್ಮ ಕೈಯಲ್ಲೇ ಇದೆ.

ಬೆಳ್ಳಿ ಬಣ್ಣದ ಮೆತ್ತನೆ ಸೆಲ್ಲಿನ ಮೇಲೆ ಆರಂಕಿಯ ಸಂಖ್ಯೆ ಇರುತ್ತದೆ, ಉದಾಹರಣೆಗೆ 503040. ದಪ್ಪ 5.0 ಎಂಎಂ, ಅಗಲ 30, ಉದ್ದ 40 ಎಂದು ಓದಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಈ ಸಂಖ್ಯೆ ಹೇಳಿಯೇ ಕೇಳಬಹುದು. ದಪ್ಪದಲ್ಲಿ ಅರ್ಧ ಎಂಎಂ ಆದರೂ ಸಡಿಲ ಬಿಡಿ, ವಯಸ್ಸಾದ ಸೆಲ್ ಸ್ವಲ್ಪ ಉಬ್ಬುತ್ತದೆ. ಅಳತೆ ಒಂದೇ ಇದ್ದು ಎಂಎಎಚ್ ಮಾತ್ರ ಎರಡು ಪಟ್ಟು ಬರೆದಿದ್ದರೆ ಅದು ಸುಳ್ಳು. 18650 ಎಂಬ ದುಂಡು ಕೊಳವೆಯಂಥ ಸೆಲ್ಲಿನ ಮೇಲೆ "9900" ಎಂದು ಬರೆದದ್ದನ್ನು ನಂಬಬೇಡಿ, ಆ ಅಳತೆಯಲ್ಲಿ ಒಳ್ಳೆಯ ಕಂಪನಿಯದೂ 3500ರ ಆಸುಪಾಸಿನದು. ತೂಗಿ ನೋಡಿದರೂ ಗೊತ್ತಾಗುತ್ತದೆ, ಅಸಲಿ 45 ಗ್ರಾಂ ಮೇಲಿರುತ್ತದೆ.

ಹಳೆಯ ಸೆಲ್ಲಿಗೆ ಎರಡು ತಂತಿಯೋ ಮೂರೋ ನೋಡಿ. ಮೂರನೆಯದು ಸಾಮಾನ್ಯವಾಗಿ ಬಿಸಿ ಅಳೆಯುವ ಥರ್ಮಿಸ್ಟರ್‌ನದು, ಹೆಚ್ಚಾಗಿ 10 ಕಿಲೋಓಮ್. ಎರಡು ತಂತಿಯ ಸೆಲ್ ಹಾಕಿದರೆ ಪ್ಲೇಯರ್ ಚಾರ್ಜ್ ಮಾಡಲು ಒಪ್ಪದೇ ಹೋಗಬಹುದು. ಅಲ್ಲಿ 10 ಕಿಲೋಓಮ್ ರೆಸಿಸ್ಟರ್ ಹಾಕಿ ಪ್ಲೇಯರನ್ನು ಮೋಸಗೊಳಿಸುವವರಿದ್ದಾರೆ. ಆಮೇಲೆ ಸೆಲ್ ಸುಟ್ಟರೂ ಪ್ಲೇಯರ್‌ಗೆ ತಂಪಾಗಿಯೇ ಕಾಣುತ್ತದೆ. ಹಳೆಯ ಥರ್ಮಿಸ್ಟರನ್ನೇ ಬಿಡಿಸಿ ಹೊಸ ಸೆಲ್ಲಿಗೆ ಅಂಟಿಸುವುದು ಸರಿ.

ತಂತಿಗಳನ್ನು ಒಂದೊಂದಾಗಿ ಕತ್ತರಿಸಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟರ್‌ನ ಬಾಯಲ್ಲೇ ಶಾರ್ಟ್. ಕೆಂಪು-ಕಪ್ಪು ಬಣ್ಣವನ್ನಾಗಲಿ ಕನೆಕ್ಟರ್ ದಿಕ್ಕನ್ನಾಗಲಿ ನಂಬದೆ ಮಲ್ಟಿಮೀಟರ್ ಇಟ್ಟು ಪ್ಲಸ್-ಮೈನಸ್ ನೋಡಿ, ತಿರುಗುಮುರುಗಾದರೆ ಬೋರ್ಡ್ ಒಂದು ಕ್ಷಣದಲ್ಲಿ ಹೋಗುತ್ತದೆ. ಹೊಸ ಸೆಲ್ 3.7ರಿಂದ 3.85 ವೋಲ್ಟ್ ತೋರಿಸಬೇಕು, 3ಕ್ಕಿಂತ ಕೆಳಗಿದ್ದರೆ ಅಂಗಡಿಗೇ ವಾಪಸ್ ಕೊಡಿ. ಬೆಸುಗೆ ಹಾಕುವುದು ಸೆಲ್ಲಿನ ತಲೆಯಲ್ಲಿರುವ ರಕ್ಷಣಾ ಬೋರ್ಡಿನ ಪ್ಯಾಡ್ ಮೇಲೆ, ಎರಡು ಸೆಕೆಂಡ್ ಮೀರದಂತೆ. ಸೆಲ್ಲಿನ ಪಟ್ಟಿಗೇ ಬೆಸುಗೆ ಹಾಕಲು ಹೋಗಬೇಡಿ, ಅದರಲ್ಲೊಂದು ಅಲ್ಯೂಮಿನಿಯಂ. ಸೀಸ ಅದಕ್ಕೆ ಹಿಡಿಯುವುದಿಲ್ಲ, ಬಿಸಿ ಮಾತ್ರ ಒಳಗೆ ಹೋಗುತ್ತದೆ.

ಐಪಾಡ್ ವಿಡಿಯೋ, ಕ್ಲಾಸಿಕ್ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಬೆನ್ನು ಬಿಡಿಸಿದ ಕೂಡಲೇ ಎಳೆದು ತೆಗೆಯಬೇಡಿ, ಬ್ಯಾಟರಿಯ ಮತ್ತು ಹೆಡ್‌ಫೋನ್ ಜ್ಯಾಕಿನ ರಿಬ್ಬನ್ ಕೇಬಲ್‌ಗಳು ಬೋರ್ಡಿಗೆ ಅಂಟಿಕೊಂಡಿರುತ್ತವೆ. ಬ್ಯಾಟರಿ ರಿಬ್ಬನ್‌ನ ಕನೆಕ್ಟರಿಗೆ ಪುಟ್ಟ ಕಂದು ಚಿಲಕವಿದೆ. ಅದನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಒಂದೆರಡು ಎಂಎಂ ಎತ್ತಿದರೆ ಸಾಕು, ರಿಬ್ಬನ್ ತಾನೇ ಜಾರುತ್ತದೆ. ಇಡೀ ಚಿಲಕ ಕಿತ್ತು ಕೈಗೆ ಬಂದರೆ ಹೊಸ ಬ್ಯಾಟರಿ ಕೂರುವುದೇ ಇಲ್ಲ.

ಚಾರ್ಜಿಂಗ್ ಸರ್ಕ್ಯೂಟೇ ಸತ್ತ ಡಬ್ಬಿಗಳಿಗೆ ಟಿಪಿ4056 ಎಂಬ ಸಿದ್ಧ ಚಾರ್ಜಿಂಗ್ ಬೋರ್ಡ್ ಹಾಕುವುದು ವಾಡಿಕೆ. ಅಂಗಡಿಯಿಂದ ಬರುವಾಗ ಅದರಲ್ಲಿ 1.2 ಕಿಲೋಓಮ್ ರೆಸಿಸ್ಟರ್ ಇದ್ದು 1 ಆಂಪ್‌ನಲ್ಲಿ ಚಾರ್ಜ್ ಮಾಡುತ್ತದೆ. 18650ಕ್ಕೆ ಅದು ಸರಿ, 300 ಎಂಎಎಚ್ ಪುಟ್ಟ ಸೆಲ್ಲಿಗೆ ಕೊಲೆಗೆ ಸಮ. ಆ ರೆಸಿಸ್ಟರನ್ನು 10 ಕಿಲೋಓಮ್‌ಗೆ ಬದಲಿಸಿದರೆ 130 ಮಿಲಿಆಂಪ್, 5 ಕಿಲೋಓಮ್‌ಗೆ 250, 2 ಕಿಲೋಓಮ್‌ಗೆ 580. ಸೆಲ್ಲಿನ ಎಂಎಎಚ್‌ನ ಅರ್ಧಕ್ಕೆ ಹತ್ತಿರದ್ದನ್ನು ಆರಿಸಿಕೊಳ್ಳಿ.

ಸಭಿಕರ ಪ್ರಶ್ನೆಗಳಿಂದ

ಫೋನಿನ ದೊಡ್ಡ ಚಾರ್ಜರ್ ಹಾಕಿದರೆ ಪ್ಲೇಯರ್ ಸುಡುತ್ತದೆಯೇ ಎಂದು ಒಬ್ಬರು ಕೇಳಿದರು. ಇಲ್ಲ. ಚಾರ್ಜರ್ ಕರೆಂಟನ್ನು ನೂಕುವುದಿಲ್ಲ, ಪ್ಲೇಯರ್ ಒಳಗಿನ ಚಿಪ್ಪು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಫಾಸ್ಟ್ ಚಾರ್ಜರ್ ಕೂಡ ಒಪ್ಪಂದದ ಮಾತುಕತೆ ಆಗದೆ 5 ವೋಲ್ಟ್ ದಾಟುವುದಿಲ್ಲ. ಗುಣಮಟ್ಟವಿಲ್ಲದ ಚಾರ್ಜರ್ ಮಾತ್ರ ಬೇಡ.

"ಟೈಪ್-ಸಿ ಇದೆ, ಆದರೆ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಚಾರ್ಜ್ ಆಗಲ್ಲ, ಹಳೇ ಚಾರ್ಜರ್‌ನಲ್ಲಿ ಆಗುತ್ತೆ ಸರ್, ಯಾಕೆ?" ಒಳ್ಳೆಯ ಪ್ರಶ್ನೆ. ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ, ಸಾಧನದ ಕಡೆ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಕಾಣದಿದ್ದರೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ. ಅಗ್ಗದ ಡಬ್ಬಿಗಳಲ್ಲಿ ಕೆಲವು ಪೈಸೆ ಉಳಿಸಲು ಅವನ್ನು ಹಾಕಿರುವುದಿಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬಳಸಿ, ಆಗುತ್ತದೆ.

ವರ್ಷಗಟ್ಟಲೆ ಮುಟ್ಟದ ಪ್ಲೇಯರ್ ಏಳುತ್ತಿಲ್ಲ ಎಂದವರಿಗೆ: ಸಾಧಾರಣ 5 ವೋಲ್ಟ್ ಚಾರ್ಜರಿಗೆ ಸಿಕ್ಕಿಸಿ ಅರ್ಧ ಗಂಟೆ ಕಾಯಿರಿ. ಚಿಪ್ಪು ಮೊದಲು ಹತ್ತರಲ್ಲೊಂದು ಪಾಲು ಕರೆಂಟಿನಲ್ಲಿ ಮೆಲ್ಲಗೆ ಎಬ್ಬಿಸಲು ನೋಡುತ್ತದೆ, ಪರದೆ ಆಗ ಕಪ್ಪಾಗಿಯೇ ಇರಬಹುದು. ಎದುರಿಗೇ ಕೂತಿರಿ, ಆಗಾಗ ಮುಟ್ಟಿ ನೋಡಿ. ಬಿಸಿಯಾದರೆ ಕಿತ್ತು ಸೆಲ್ ಬದಲಿಸಿ. ಬೇರೆ ಬ್ಯಾಟರಿಯಿಂದ ತಂತಿ ತಾಗಿಸಿ "ಕಿಕ್" ಕೊಡುವ ವಿಡಿಯೋಗಳನ್ನು ನೋಡಿ ಪ್ರಯೋಗ ಮಾಡಬೇಡಿ, ಆ ಕರಗಿದ ತಾಮ್ರದ ವಿಷಯ ನೆನಪಿರಲಿ.

ಬ್ಯಾಟರಿಯ ಸ್ಥಿತಿಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಪೂರ್ತಿ ಚಾರ್ಜ್ ಮಾಡಿ, ಒಂದೇ ಆಲ್ಬಂ ರಿಪೀಟ್‌ಗೆ ಹಾಕಿ, ವಾಲ್ಯೂಮ್ ಒಂದು ಅಂಕಿಗೆ ನಿಲ್ಲಿಸಿ, ಇಯರ್‌ಫೋನ್ ಸಿಕ್ಕಿಸಿಯೇ ಇಟ್ಟು, ಪರದೆ ಆರಿಸಿ ಬಿಡಿ. ಆರುವ ತನಕದ ಗಂಟೆ ಬರೆದಿಟ್ಟುಕೊಂಡು ಕಂಪನಿಯ ಅಂಕಿಯೊಡನೆ ಹೋಲಿಸಿ. ಶೇ 60ಕ್ಕಿಂತ ಕಡಿಮೆಯಾದರೆ ಬದಲಿಸುವ ಕಾಲ ಬಂದಿದೆ ಎನ್ನುವುದು ನನ್ನ ಅಳತೆ. ರಾಕ್‌ಬಾಕ್ಸ್ ಎಂಬ ಬದಲಿ ಸಾಫ್ಟ್‌ವೇರ್ ಹಾಕಿಕೊಂಡಿರುವ ಪ್ಲೇಯರ್‌ಗಳಲ್ಲಿ ಇದಕ್ಕೆಂದೇ 'ಬ್ಯಾಟರಿ ಬೆಂಚ್' ಎಂಬ ಪ್ಲಗಿನ್ ಇದೆ, ಸಮಯ ಮತ್ತು ವೋಲ್ಟೇಜನ್ನು ಫೈಲಿಗೆ ತಾನೇ ಬರೆಯುತ್ತಾ ಹೋಗುತ್ತದೆ.

ಇಯರ್‌ಬಡ್‌ಗಳ ಬಗ್ಗೆ ಹಲವರು ಕೇಳಿದರು. ಆಪಲ್‌ನ ಮೊದಲ ಏರ್‌ಪಾಡ್‌ನ ಒಂದೊಂದು ಬಡ್‌ನಲ್ಲಿ 93 ಮಿಲಿವಾಟ್-ಅವರ್ ಸೆಲ್, ಐದು ಗಂಟೆ. ಅಂದರೆ ಹತ್ತಿರಹತ್ತಿರ 19 ಮಿಲಿವಾಟ್‌ನಲ್ಲಿ ರೇಡಿಯೋ ಸಮೇತ ಎಲ್ಲವೂ ನಡೆಯುತ್ತದೆ, ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ. ಆದರೆ ಬಳಸದಾಗಲೆಲ್ಲ ಕೇಸಿನಲ್ಲಿ ಪೂರ್ತಿ ಚಾರ್ಜ್‌ನಲ್ಲೇ ಕೂರುವುದರಿಂದ ಇಂಥ ಪುಟ್ಟ ಸೆಲ್ ಬೇಗ ಸೊರಗುತ್ತದೆ. ಹೆಚ್ಚಿನವನ್ನು ಬಿಚ್ಚಿ ಸೆಲ್ ಬದಲಿಸುವುದು ಸುಲಭವಲ್ಲ. ಕೊಳ್ಳುವ ಮೊದಲೇ ಇದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಉಬ್ಬಿದ ಬ್ಯಾಟರಿಯದು ಕೊನೆಯ ಪ್ರಶ್ನೆಯಾಗಿತ್ತು. ಬೆನ್ನಿನ ಮುಚ್ಚಳ ಎದ್ದಿದ್ದರೆ, ಪರದೆಯಲ್ಲಿ ಬೆಳ್ಳಗಿನ ಮಚ್ಚೆ ಕಂಡರೆ, ಬಟನ್‌ಗಳು ಬಿಗಿಯಾಗಿದ್ದರೆ ಒಳಗೆ ಗ್ಯಾಸ್ ತುಂಬಿದೆ ಎಂದರ್ಥ. ಆ ಕ್ಷಣದಿಂದ ಚಾರ್ಜ್ ಬಂದ್. ಚುಚ್ಚಿ ಗ್ಯಾಸ್ ತೆಗೆಯಲು ಹೋಗಬೇಡಿ, ಒತ್ತಿ ಮುಚ್ಚಳ ಹಾಕಲೂ ಬೇಡಿ. ಲೋಹದ ಸಾಧನ ಬಳಸದೆ ಬಿಡಿಸಿ, ತುದಿಗಳಿಗೆ ಟೇಪ್ ಸುತ್ತಿ, ಮರಳು ಹಾಕಿದ ತಗಡಿನ ಡಬ್ಬದಲ್ಲಿ ಮನೆಯ ಹೊರಗಿಡಿ. ಕಸದ ಗಾಡಿಗೆ ಹಾಕಿದರೆ ಅದು ಒತ್ತುವ ಯಂತ್ರದಲ್ಲಿ ಬೆಂಕಿ ಹಿಡಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬದಲಿ ಬ್ಯಾಟರಿ ಕೊಂಡ ಅಂಗಡಿಯಲ್ಲೋ ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರದಲ್ಲೋ ವಿಚಾರಿಸಿ, ಟೇಪ್ ಸುತ್ತಿದ ಹಾಗೆಯೇ ಕೊಟ್ಟುಬನ್ನಿ.